ಸತ್ತವನ ಒಲೆಯ ಹೊಗೆ

"ಫಾಕುಂದೋನ ಕಾಲು ತೊಳೆದಿತ್ತು, ಅತ್ತೆ," ಎಂದೆ.

ದೋಮಿತಿಲಾ ಅತ್ತೆ ತಲೆ ಎತ್ತಲಿಲ್ಲ. ಒಲೆಯ ಪಕ್ಕದ ಮಣೆಯ ಮೇಲೆ ಕೂತು ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ತಲೆಯ ಮೇಲೆ, ಹೊಗೆಗೂಡಿನ ಬಾಯಲ್ಲಿ, ಈ ಚಳಿಗಾಲ ಕಡಿದ ಹಂದಿಯ ಸಾಸೇಜುಗಳು ಒಣಗುತ್ತಿದ್ದವು.

"ಬಾರೇ, ಕೂತ್ಕೋ. ಬೆಳಿಗ್ಗೆಯಿಂದ ಊರೆಲ್ಲ ಸುತ್ತಿ ಈಗ ಈ ಮನೆ ನೆನಪಾಯ್ತಾ? ಇರ್ಲಿ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ನಾನೂ ಕಾಯ್ತಾ ಇದ್ದೆ."

"ಕಾಲು, ಅತ್ತೆ."

"ತೊಳ್ಕೊಂಡಿರ್ತಾನೆ. ಗಂಡಸು ಕಾಲು ತೊಳ್ಕೊಂಡ್ರೆ ಅದೂ ಅಪರಾಧನಾ ನಿಮ್ಮ ಪೊಲೀಸಿನವರಿಗೆ?"

"ಯಾರು, ಫಾಕುಂದೋನಾ? ಜನವರಿ ಚಳೀಲಿ?"

ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ನನಗೂ ನಗು ಬರುತ್ತಿತ್ತು, ಆ ಕಾಲುಗಳನ್ನು ನಾನು ನೋಡಿರದಿದ್ದರೆ. ಮಣ್ಣು ಮೆತ್ತಿದ ಬೂಟು, ಅದರೊಳಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ಪಾದ. ಉಗುರಿನ ಸಂದಿಯಲ್ಲೂ ಕೊಳೆಯಿರಲಿಲ್ಲ. ಜೀವಮಾನವೆಲ್ಲ ಕುರಿ ಕಾಯ್ದವನು ಮಗುವಿನ ಕಾಲು ಇಟ್ಟುಕೊಂಡು ಸತ್ತಿದ್ದ.

ನಿನ್ನೆ, ಗುರುವಾರ, ರಣಹದ್ದುಗಳು ಸುತ್ತುವುದನ್ನು ನೋಡಿ ನಾವು ಕಮರಿಗೆ ಇಳಿದದ್ದು. ಕೆಳಗೆ ಫಾಕುಂದೋ ಬೋರಲಾಗಿ ಬಿದ್ದಿದ್ದ. ಹದ್ದುಗಳು ಬೆನ್ನನ್ನು ಬಿಟ್ಟಿರಲಿಲ್ಲ, ಮುಖ ಮಾತ್ರ ಬಂಡೆಗೆ ಒತ್ತಿಕೊಂಡು ಉಳಿದಿತ್ತು. ಸಂಜೆಯ ಹೊತ್ತಿಗೆ, ಗೆರೆಯಾಚೆಯಿಂದ ಬಂದು ನಮ್ಮ ಕಡೆ ಕುರಿ ಮೇಯಿಸುವ ಅದೇರಿತೋನ ಕೈಗೆ ನಾನೇ ಬೇಡಿ ತೊಡಿಸಿದ್ದೆ.

ಗೆರೆ ಎಂದರೆ ನಮಗೆ ಪೋರ್ಚುಗಲ್ಲಿನ ಗಡಿ. ನಮ್ಮ ಸಮೋರಾ ಜಿಲ್ಲೆಯ ಈ ಮೂಲೆಯಲ್ಲಿ ಜನಕ್ಕಿಂತ ಕುರಿ ಹೆಚ್ಚು, ಕುರಿಗಿಂತ ಕಲ್ಲು ಹೆಚ್ಚು. ಓಕ್ ಮರ, ಕಲ್ಲುಗೋಡೆ, ಮತ್ತೆ ಓಕ್ ಮರ ಎಂದು ನೆಲ ಚಪ್ಪಟೆಯಾಗಿ ಸಾಗುತ್ತಾ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಪಾತಾಳದಲ್ಲಿ ದುವೇರೋ ನದಿ. ಎದುರಿನ ಬಂಡೆ ಬೇರೆ ದೇಶ. ಆ ದೇಶದ ನಾಯಿ ಬೊಗಳಿದರೆ ನಮಗೆ ಕೇಳುತ್ತದೆ, ಆದರೆ ಸುತ್ತಿಕೊಂಡು ಅಲ್ಲಿಗೆ ಹೋಗಲು ಅರ್ಧ ದಿನ ಬೇಕು. ಅಣೆಕಟ್ಟಿನ ಮೇಲಿನ ದಾರಿ ಗೊತ್ತಿದ್ದ ಕುರುಬರಿಗೆ ಮಾತ್ರ ಅಷ್ಟು ಹೊತ್ತು ಬೇಡ.

ನಮ್ಮ ಪೆನ್ಯಸೇಕಾದಲ್ಲಿ ಮನೆಗಳು ಬೇಕಾದಷ್ಟಿವೆ. ಹೊಗೆ ಏಳುತ್ತಿದ್ದದ್ದು ಐದು ಮನೆಯಿಂದ. ಫಾಕುಂದೋ, ದೋಮಿತಿಲಾ ಅತ್ತೆ, ಇಗರ್ಜಿಯ ಪಕ್ಕದ ಕಿವುಡ ಅಕ್ಕ, ಗೋಡೆಯಾಚೆ ಅವಳೊಂದಿಗೆ ಮಾತುಬಿಟ್ಟ ತಂಗಿ, ಐದನೆಯದು ಇಲಾರಿಯೋ.

ಅದೇರಿತೋನನ್ನು ಹಿಡಿಸಿದ ಸಾಕ್ಷಿ ಈ ಇಲಾರಿಯೋನೇ. ಮಂಗಳವಾರ ಸಂಜೆ ಕಮರಿಯ ಅಂಚಿನಲ್ಲಿ ಅದೇರಿತೋ ಫಾಕುಂದೋನ ಕಾಲರ್ ಹಿಡಿದು ಕೂಗಾಡುತ್ತಿದ್ದುದನ್ನು ಕಣ್ಣಾರೆ ಕಂಡೆ ಎಂದ. ಹುಲ್ಲುಗಾವಲಿನ ಗೋಡೆಯ ವಿಷಯಕ್ಕೆ ಇಬ್ಬರಿಗೂ ಹಿಂದಿನಿಂದ ಜಗಳ ಇದ್ದದ್ದು ಎಲ್ಲರಿಗೂ ಗೊತ್ತು.

ಇಲಾರಿಯೋ ನನ್ನ ಅಪ್ಪ.

ಈ ಕೇಸಿಗೆ ಬೇರೆ ಯಾರನ್ನಾದರೂ ಹಾಕಿ ಎಂದು ಮೇಲಿನವರಿಗೆ ಹೇಳಿದ್ದೆ. "ಆ ಕಡೆ ಯಾರಿಗೂ ನೆಂಟಳಲ್ಲದ ಸಾರ್ಜೆಂಟ್ ಬೇಕು ಅಂದ್ರೆ ಆಕಾಶದಿಂದ ಇಳಿಸ್ಬೇಕು ಕಸಿಲ್ದಾ," ಎಂದು ನಕ್ಕು ಫೋನಿಟ್ಟಿದ್ದರು. ಆಗ ನನಗೂ ಅದು ತಮಾಷೆಯ ಮಾತಾಗಿಯೇ ಕೇಳಿಸಿತ್ತು.

ಬೇಡಿ ತೊಡಿಸುವಾಗ ಅದೇರಿತೋ ನಾನು ಕೊಂದಿಲ್ಲ ಎಂದು ಕೂಡ ಹೇಳಲಿಲ್ಲ. ಅವನ ಹೆಂಡತಿಗೆ ಕಣ್ಣು ಕಾಣದು. "ರಾತ್ರಿ ಅವಳಿಗೆ ಯಾರು ಊಟ ಹಾಕ್ತಾರೆ, ಸಾರ್ಜೆಂಟಮ್ಮ?" ಎಂದಷ್ಟೇ ಕೇಳಿದ. ಆ ಪ್ರಶ್ನೆ ನಿನ್ನೆಯಿಂದ ನನ್ನನ್ನು ಬಿಟ್ಟಿಲ್ಲ. ಇವತ್ತು ಸಂಜೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅವರು ಜೈಲು ಎಂದರೆ ವಿಚಾರಣೆ ಮುಗಿಯುವವರೆಗೆ ಜೈಲು. ಆ ಮುದುಕ ಅಷ್ಟು ದಿನ ಬದುಕುವವನಲ್ಲ.

ಹಾಗಾಗಿಯೇ ಬೆಳಿಗ್ಗೆಯಿಂದ ಬಾಗಿಲು ಬಾಗಿಲು ತಟ್ಟುತ್ತಿದ್ದೆ.

"ಅತ್ತೆ, ಆಸ್ಪತ್ರೆಯಿಂದ ಡಾಕ್ಟರು ಬೆಳಿಗ್ಗೆ ಫೋನ್ ಮಾಡಿದ್ರು."

"ಏನಂತೆ?"

"ಕಮರಿಗೆ ಬೀಳೋ ಹೊತ್ತಿಗೆ ಫಾಕುಂದೋ ಸತ್ತು ಬಹಳ ಹೊತ್ತಾಗಿತ್ತಂತೆ. ಮೂಳೆ ಮುರಿದ ಕಡೆ ರಕ್ತ ಬಂದಿಲ್ಲ. ಗಲ್ಲದ ಕೆಳಗೆ ಒಂದು ಅಗಲವಾದ ಗುರುತಿದೆ. ಎರಡೂ ಕೆನ್ನೆ ಮೇಲೆ ಕಿವಿ ಕಡೆ ಹತ್ತಿದೆ. ಕತ್ತು ಹಿಸುಕಿದ್ದಲ್ಲ, ಹಗ್ಗವೂ ಅಲ್ಲ. ಏನೂ ಅಂತ ಗೊತ್ತಾಗ್ತಿಲ್ಲ ಅಂದ್ರು."

ಬೆಳ್ಳುಳ್ಳಿ ಸುಲಿಯುವ ಬೆರಳು ನಿಂತಿತು.

ಫೋನು ಬಂದಾಗ ನಾನು ಅಪ್ಪನ ಅಂಗಳದಲ್ಲಿದ್ದೆ. ರಾತ್ರಿಯ ಹಿಮಕ್ಕೆ ಹಗ್ಗದ ಮೇಲಿನ ಬಟ್ಟೆಗಳು ಹಲಗೆಯಂತೆ ಸೆಟೆದಿದ್ದವು. ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು ಒಂದೊಂದಾಗಿ ಕಿತ್ತು ಒಲೆಯ ಮುಂದೆ ಹರಡಿದೆ. ನೆಗಡಿ ಬರುವ ಸೂಚನೆಯಿತ್ತು, ಒಣಗಿದ ಕರವಸ್ತ್ರ ಒಂದನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ. ಡಾಕ್ಟರು ಹೇಳಿದ ಗುರುತು ಏನೆಂದು ನನಗೂ ಆಗ ಹೊಳೆಯಲಿಲ್ಲ. ಮಧ್ಯಾಹ್ನ, ಸ್ಮಶಾನದ ಗೋಡೆಯ ಪಕ್ಕ ಹಾದು ಬರುವಾಗ, ಅಜ್ಜಿ ಸತ್ತ ದಿನ ನೆನಪಾಯಿತು. ಹಲ್ಲುನೋವು ಬಂದವಳಂತೆ ಗಲ್ಲಕ್ಕೂ ನೆತ್ತಿಗೂ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು.

"ಸತ್ತವರ ಬಾಯಿ ತೆರೆದುಕೊಳ್ಳದ ಹಾಗೆ ಕಟ್ಟೋ ಬಟ್ಟೆ ಅದು," ಎಂದೆ. "ಕೊಂದೋನು ಹೆಣದ ಗಲ್ಲ ಕಟ್ಟಲ್ಲ, ಅತ್ತೆ. ಕಾಲು ತೊಳೆಯಲ್ಲ. ಬೈತಲೆ ತೆಗೆದು ತಲೆ ಬಾಚಲ್ಲ. ಯಾರೋ ಅವನನ್ನ ತಮ್ಮವನು ಅಂತ ಮಾಡಿ ಮಲಗಿಸಿದಾರೆ. ಈ ಊರಲ್ಲಿ ಆ ಕೆಲಸ ಮಾಡೋರು ಯಾರು?"

"ಬಸಿಲಿಸಾ ಮಾಡ್ತಿದ್ದಳು."

"ಬಸಿಲಿಸಾ ಸತ್ತು ಎಷ್ಟು ದಿನ ಆಯ್ತು."

"ಅವಳಿಗೆ ನಾನು ಮಾಡ್ದೆ." ಅತ್ತೆ ಒಲೆಯನ್ನೇ ನೋಡುತ್ತಿದ್ದಳು. "ನನಗೆ ಯಾರು ಮಾಡ್ತಾರೋ."

ಅಮ್ಮ ಇಲ್ಲದ ನನ್ನನ್ನು ಇದೇ ಮಣೆಯ ಮೇಲೆ ಕೂರಿಸಿ ತಲೆ ಬಾಚಿದವಳು ಇವಳು. ಹುಟ್ಟಿದಾಗಿನಿಂದ ಇವಳಿಗೆ ನೀನು ಎಂದೇ ಮಾತಾಡಿದವಳು ನಾನು. ಈಗ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡೆ.

"ದೋಮಿತಿಲಾ ಅವರೇ, ಫಾಕುಂದೋನ ಸೌದೆ ರಾಶಿ ನೋಡಿ ಬಂದೆ. ಮೇಲೆ ಕೂತ ಹಿಮ ಕೂಡ ಕದಲಿಲ್ಲ, ಒಂದು ತುಂಡೂ ಕಮ್ಮಿಯಾಗಿಲ್ಲ. ಆದ್ರೆ ಅವನ ಮನೇಲಿ ಬುಧವಾರದವರೆಗೂ ಹೊಗೆ ಎದ್ದಿದೆ. ಊರವರೆಲ್ಲ ಹೇಳ್ತಾರೆ. ಬೆಂಕಿ ಇಲ್ಲದೆ ಹೊಗೆ ಆಡಲ್ಲ. ಕರಗಿರೋದು ನಿಮ್ಮ ರಾಶಿ. ನಿಮ್ಮೊಬ್ಬರ ಒಲೆಗೆ ಅಷ್ಟು ಸೌದೆ ಬೇಡ."

'ನೀವು' ಎಂದದ್ದು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತೋ ಏನೋ. ಮಡಿಲಿನ ಸಿಪ್ಪೆಯನ್ನೆಲ್ಲ ಬಾಚಿ ಬೆಂಕಿಗೆ ಹಾಕಿದಳು.

"ಸತ್ತವನ ಸೌದೆ ಕದ್ದು ಸುಡೋಳಲ್ಲ ನಾನು," ಎಂದಳು.

ಅಲ್ಲಿಗೆ ಮುಗಿಯಿತು. ನಿಜವಾದ ಕಳ್ಳಿಯಾಗಿದ್ದರೆ ಫಾಕುಂದೋನ ರಾಶಿಯಿಂದಲೇ ನಾಲ್ಕು ತುಂಡು ಎಳೆದುಕೊಳ್ಳುತ್ತಿದ್ದಳು, ನಾನು ಇನ್ನೂ ಬೀದಿಯಲ್ಲೇ ಇರುತ್ತಿದ್ದೆ. ಹೆಣವನ್ನು ಬಚ್ಚಿಟ್ಟುಕೊಂಡವಳು ಅವನ ಸೌದೆಗೆ ಕೈ ಹಾಕಲು ಮಾತ್ರ ನಾಚಿದ್ದಳು.

"ಯಾವತ್ತು ನೋಡಿದ್ದು ಅವನನ್ನ?"

"ಭಾನುವಾರ. ಬೆಳ್ಳುಳ್ಳಿ ಸಾರು ಮಾಡಿದ್ದೆ, ಒಂದು ಬಟ್ಟಲು ಕೊಟ್ಟು ಬರೋಣ ಅಂತ ಹೋದೆ. ಬಾಗಿಲು ತೆಗೆದೇ ಇತ್ತು. ಮೇಜಿನ ಮೇಲೆ ತಲೆ ಇಟ್ಕೊಂಡು ಕೂತಿದ್ದ. ಕುಡಿದು ಮಲಗಿದಾನೆ ಅಂದ್ಕೊಂಡು ಬೈದೆ. ಬಾಯಿಗೆ ಬಂದ ಹಾಗೆ ಬೈದೆ ಕಣೇ, ಆಮೇಲೆ ಮುಟ್ಟಿದ್ರೆ ತಣ್ಣಗಿದಾನೆ."

"ಇಗರ್ಜಿ ಗಂಟೆ ಯಾಕೆ ಹೊಡೀಲಿಲ್ಲ? ನನಗೆ ಯಾಕೆ ಹೇಳಿ ಕಳಿಸ್ಲಿಲ್ಲ?"

ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು.

"ಬಸಿಲಿಸಾ ಸತ್ತಳು, ಗಂಟೆ ಹೊಡೆದ್ವಿ. ಏನಾಯ್ತು? ಇಷ್ಟು ಜನಕ್ಕೆ ಬರಕ್ಕಾಗಲ್ಲ ಅಂತ ಡಾಕ್ಟರು ಬರೋದು ನಿಂತು ಹೋಯ್ತು. ಕ್ರಿಸ್‌ಮಸ್ಸಿಗೆ ಆ ಬ್ರೆಡ್ಡಿನ ವ್ಯಾನಿನ ಲಿಸಾರ್ದೋ ಬಂದು ಹೇಳ್ದ, 'ದೋಮಿತಿಲಾ, ಐದು ಹೊಗೆ ಇರೋವರೆಗೆ ಬೆಟ್ಟ ಹತ್ತುತೀನಿ. ನಾಲ್ಕಾದ್ರೆ ನನ್ನ ಪೆಟ್ರೋಲೂ ಗಿಟ್ಟಲ್ಲ' ಅಂತ. ಆ ವ್ಯಾನು ನಿಂತ್ರೆ ಇಲ್ಲಿಗೆ ಯಾರೇ ಬರ್ತಾರೆ? ಹಾರ್ನ್ ಹೊಡೆಯೋದು ಅವನೊಬ್ಬ. 'ಬದುಕಿದೀಯೇನಮ್ಮಾ' ಅಂತ ಕೇಳೋದು ಅವನೊಬ್ಬ."

"ಅದಕ್ಕೆ?"

"ಅದಕ್ಕೆ ಏನು ಅದಕ್ಕೆ! ಸತ್ತವನು ಇನ್ನೊಂದು ವಾರ ಬದುಕಿದ್ರೆ ಯಾರ ಗಂಟು ಹೋಗುತ್ತೆ? ಚಳಿಗಾಲ, ಕೆಡಲ್ಲ. ಕಿಟಕಿ ತೆಗೆದು ಒಳಗಿನ ಕೋಣೇಲಿ ಮಲಗಿಸ್ದೆ. ಮೈ ಒರೆಸ್ದೆ, ಕಾಲು ತೊಳೆದೆ, ಪೆಟ್ಟಿಗೆಯಿಂದ ಅವನ ಮಣ್ಣಿಗೆ ಹೋಗೋ ಸೂಟು ತೆಗೆದು ಹಾಕ್ದೆ, ಗಲ್ಲ ಕಟ್ದೆ. ಎಲ್ಲಾ ಮಾಡ್ದೆ. ಗಂಟೆ ಒಂದು ಹೊಡೀಲಿಲ್ಲ. ಬೆಳಿಗ್ಗೆ ಹೋಗಿ ಅಡುಗೆಮನೇಲಿ ಬೆಂಕಿ ಹಾಕೋದು, ಅವನ ಬಾಗಿಲಿನ ಚೀಲದಲ್ಲಿ ಬ್ರೆಡ್ಡು ಬಿದ್ದಿದ್ರೆ ತಗೊಳ್ಳೋದು. ಹಾಗಂತ ನಾನೇನು ತಿಂದಿಲ್ಲ. ಅವನ ನಾಯಿಗೆ ಹಾಕ್ದೆ."

ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಯಾವ ದೇಶದ ಕಾನೂನಿನಲ್ಲಿ ಈ ಅಪರಾಧಕ್ಕೆ ಹೆಸರಿದೆ?

ಆಮೇಲೆ ಇನ್ನೊಂದು ಯೋಚನೆ ಬಂತು. ಕೊಂದವನು ಈ ಊರಿನವನೇ ಆಗಿದ್ದರೆ? ಸೋಮವಾರ ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತಾನೆ, ತಾನು ಕೊಂದವನ ಮನೆಯಲ್ಲಿ ಹೊಗೆ ಏಳುತ್ತಿದೆ. ದಿನವೆಲ್ಲ ಆ ಹೊಗೆಯನ್ನೇ ನೋಡಿಕೊಂಡು ಹೇಗೆ ಕೂತಿದ್ದನೋ.

"ಅವನ ಮೈಮೇಲೆ ಗಾಯ ಇತ್ತಾ, ಅತ್ತೆ?" ತಾನಾಗಿಯೇ ಮತ್ತೆ 'ಅತ್ತೆ' ಬಂತು.

"ತಲೆ ಹಿಂದೆ ಊದಿತ್ತು. ನಿಂಬೆಹಣ್ಣಿನಷ್ಟು. ಬಾಚುವಾಗ ಕೈಗೆ ಸಿಕ್ತು. ಒಲೆ ಕಟ್ಟೆಗೆ ಬಿದ್ದು ಎದ್ದು ಕೂತಿರ್ತಾನೆ ಅಂದ್ಕೊಂಡೆ. ದೇವರಾಣೆ, ಹಾಗೇ ಅಂದ್ಕೊಂಡೆ. ಮಂಗಳವಾರ ಬೆಳಿಗ್ಗೆ ಹೋದ್ರೆ ಮಂಚ ಖಾಲಿ."

"ಖಾಲಿ?"

"ಖಾಲಿ ಕಣೇ. ಸೂಟು ಮಡಿಸಿ ಪೆಟ್ಟಿಗೆಗೆ ವಾಪಸ್ ಹೋಗಿದೆ. ಗೂಟದ ಹತ್ರ ಇರ್ತಿದ್ದ ಕುರಿಗೆ ಹೋಗೋ ಬಟ್ಟೆ, ಬೂಟು ಇಲ್ಲ, ಹಿತ್ತಿಲ ಕೈಗಾಡಿ ಬಾಗಿಲಿಗೆ ಬಂದು ನಿಂತಿದೆ. ಎದ್ದು ಕುರಿ ಹೊಡ್ಕೊಂಡು ಹೋದ್ನೇನೋ ಅಂತ ಒಂದು ಗಳಿಗೆ..." ಅವಳು ಖಾಲಿ ಮಡಿಲನ್ನು ಕೊಡವಿಕೊಂಡಳು. "ಆಮೇಲೆ ಹೆದರಿಕೆ ಆಯ್ತು. ಹೊಗೆ ನಿಲ್ಲಿಸಿದ್ರೆ ತಗೊಂಡು ಹೋದೋನಿಗೆ ನಾನು ನೋಡಿದೀನಿ ಅಂತ ಗೊತ್ತಾಗುತ್ತೆ. ಬುಧವಾರನೂ ಹಾಕ್ದೆ. ನಿನ್ನೆ ನೀವು ಅವನನ್ನ ಹೊತ್ಕೊಂಡು ಬಂದ್ರಿ."

ಭಾನುವಾರ ಅದೇರಿತೋ ಗೆರೆಯಾಚೆ ಮೊಮ್ಮಗಳ ನಾಮಕರಣದಲ್ಲಿದ್ದ. ಒಂದು ಇಗರ್ಜಿ ತುಂಬ ಜನ ಅವನನ್ನು ನೋಡಿದ್ದಾರೆ, ಅವನು ಅತ್ತದ್ದನ್ನೂ ನೋಡಿದ್ದಾರೆ. ಅದು ನನಗೆ ನಿನ್ನೆಯೇ ಗೊತ್ತಿತ್ತು. ಆದರೆ ಕೊಲೆ ಮಂಗಳವಾರದ್ದು ಎಂದಾದರೆ ಭಾನುವಾರದ ಸಾಕ್ಷಿ ಯಾರಿಗೆ ಬೇಕು?

ಈಗ ಕೊಲೆ ಭಾನುವಾರಕ್ಕೆ ಬಂದು ನಿಂತಿತ್ತು. ಅದೇರಿತೋ ಬಿಡುಗಡೆಯಾಗುತ್ತಾನೆ ಎಂದು ಎದೆ ಹಗುರವಾಯಿತು. ಅದು ಒಂದೇ ಕ್ಷಣ.

ಮಂಗಳವಾರ ಸಂಜೆ, ಎಂದಿದ್ದ ಅಪ್ಪ. ಕಾಲರ್ ಹಿಡಿದು, ಎಂದಿದ್ದ.

"ಅಪ್ಪನಿಗೆ ಕಣ್ಣು ಮಂಜು," ಎಂದೆ. "ಆವತ್ತು ಸಂಜೆ ಕಾವಳ ಬೇರೆ ಇತ್ತು. ಇನ್ಯಾರನ್ನೋ ನೋಡಿರ್ತಾನೆ."

ಅತ್ತೆ ಕೊಳ್ಳಿಯೊಂದನ್ನು ಒಲೆಗೆ ತಳ್ಳಿದಳು.

"ದಿನ ತಪ್ಪಿರ್ತಾನೆ. ಈ ವಯಸ್ಸಲ್ಲಿ ವಾರ ಯಾರಿಗೆ ನೆನಪಿರುತ್ತೆ?"

"ನೀನೇ ಹೇಳ್ಕೋತಾ ಇದೀಯ, ನೀನೇ ಕೇಳ್ಕೋತಾ ಇದೀಯ," ಎಂದಳು ಮೆಲ್ಲಗೆ.

"ನಿನ್ನೆ ಅಪ್ಪ ಸಾಕ್ಷಿ ಹೇಳುವಾಗ ನೀನು ಅಲ್ಲೇ ಇದ್ದೆ. ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ಸತ್ತು ಎರಡು ದಿನ ಆದೋನು ಕಾಲರ್ ಹಿಡಿಸ್ಕೊಂಡು ಜಗಳ ಆಡಿದ್ನಾ ಅಂತ ಕೇಳ್ಲಾ? ಎಲ್ಲರ ಮುಂದೆ? ನೀನು ಪಕ್ಕದಲ್ಲಿ ನಿಂತಿದ್ದೆ ಕಸಿಲ್ದಾ. ಅಪ್ಪ ಹೇಳಿದ್ದನ್ನ ಬರ್ಕೊಳ್ತಾ ಇದ್ದೆ. ಎಷ್ಟು ನಂಬಿಕೆಯಿಂದ ಬರ್ಕೊಳ್ತಾ ಇದ್ದೆ ಅಂದ್ರೆ, ನನ್ನ ನಾಲಿಗೆ ಏಳ್ಲಿಲ್ಲ."

ಹೌದು, ನಂಬಿದ್ದೆ. ಸುಳ್ಳು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನನ್ನು ಕುರಿದೊಡ್ಡಿಯಲ್ಲಿ ಕೂಡಿಹಾಕಿದ್ದವನು ಅವನು.

ಜೇಬಿನಲ್ಲಿ ಫೋನು ಅದುರಿತು. ಸಮೋರಾದಿಂದ ಕಾರ್ಪೊರಲ್ ರೋಕೆ.

"ಸಾರ್ಜೆಂಟ್, ಮುದುಕನ ಸರದಿ ಬೇಗ ಬಂದ್ಬಿಡುತ್ತೆ. ನ್ಯಾಯಾಧೀಶರಿಗೆ ಮನೆಗೆ ಹೋಗೋ ಆತುರ. ಏನಾದ್ರೂ ಸಿಕ್ಕಿದ್ರೆ ಈಗ್ಲೇ ಹೊರಡಿ."

"ಇನ್ನೂ ಹೊತ್ತಿದೆಯಲ್ಲ?"

"ನಿಮ್ಮ ಫೋನು ಮತ್ತೆ ಪೋರ್ಚುಗಲ್ಲಿನ ಗಂಟೆ ತೋರಿಸ್ತಿರಬೇಕು, ನಮಗಿಂತ ಒಂದು ಗಂಟೆ ಹಿಂದೆ. ಗೋಡೆ ಗಡಿಯಾರ ನೋಡಿ."

ನೋಡಿದೆ. ಈ ಕಮರಿಯ ಅಂಚಿನಲ್ಲಿ ಇಷ್ಟು ವರ್ಷ ಬಾಳಿಯೂ ಇವತ್ತೇ ಮೋಸ ಹೋಗಿದ್ದೆ. ಇದ್ದದ್ದು ಸಮೋರಾಕ್ಕೆ ಕಾರು ಓಡಿಸುವಷ್ಟು ಹೊತ್ತು ಮಾತ್ರ.

"ಅತ್ತೆ, ಎದ್ದೇಳು. ನನಗೆ ಹೇಳಿದ್ದನ್ನೇ ಅಲ್ಲಿ ಹೇಳ್ಬೇಕು. ಭಾನುವಾರ ಸತ್ತಿದ್ದ ಅನ್ನೋದು ಒಂದು ಸಾಕು. ಅದೇರಿತೋ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಹತ್ರ ಇರ್ತಾನೆ."

"ಲಿಸಾರ್ದೋನ ವ್ಯಾನು..."

"ಬ್ರೆಡ್ಡು ನಾನು ತಂದ್ಕೊಡ್ತೀನಿ. ಹಾರ್ನೂ ಹೊಡೀತೀನಿ."

ಅವಳು ನಕ್ಕಳು. ನಗುತ್ತಲೇ ಎದ್ದು ಕರಿ ಶಾಲು ಹೊದ್ದುಕೊಂಡಳು. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಅವಳೂ ಆ ಕುರುಡಿ ಹೆಂಡತಿಯನ್ನು ನೆನೆದು ರಾತ್ರಿಯೆಲ್ಲ ಮಲಗಿರಲಿಲ್ಲ ಎಂದು ಕಾಣುತ್ತದೆ.

"ಗಲ್ಲ ಯಾವುದರಿಂದ ಕಟ್ಟಿದ್ದೆ?" ನಾನು ಕಾರಿನ ಕೀಲಿ ಹುಡುಕುತ್ತಾ ಕೇಳಿದೆ. "ಹೆಣದ ಮೇಲೆ ಬಟ್ಟೆ ಇರಲಿಲ್ಲ."

"ನನ್ನ ಕರವಸ್ತ್ರ. ನನ್ನ ಗಂಡಂದು, ದೊಡ್ಡದು. ಮನೇಲಿ ಇದ್ದಿದ್ದರಲ್ಲಿ ಚೆನ್ನಾಗಿರೋದು ಅದೊಂದೇ." ಬಾಗಿಲ ಬಳಿ ನಿಂತು ಯೋಚಿಸಿದಳು. "ಸೂಟು ಮಡಿಸಿಟ್ಟು ಹೋದೋನು ಅದನ್ನ ಮಾತ್ರ ಇಟ್ಟು ಹೋಗಿಲ್ಲ. ಬಿಚ್ಚಿ ಜೇಬಿಗೆ ಹಾಕ್ಕೊಂಡು ಮರೆತಿದಾನೆ. ಗಂಡಸರ ಬುದ್ಧಿ."

"ಹಾಗಾದ್ರೆ ಅದು ಯಾರ ಹತ್ರ ಇದೆಯೋ ಅವನೇ."

"ಅವನೇ," ಎಂದಳು. ಇದ್ದಕ್ಕಿದ್ದಂತೆ ಮುಖ ಕಿವುಚಿ ಅಳತೊಡಗಿದಳು. "ಅಯ್ಯೋ ಫಾಕುಂದೋ. ಬೈದ್ಬಿಟ್ನಲ್ಲೋ ನಿನ್ನ. ಸತ್ತೋನಿಗೆ ಬೈದ್ಬಿಟ್ನಲ್ಲೋ."

ಐದು ದಿನದಿಂದ ಒಳಗೇ ಇಟ್ಟುಕೊಂಡ ಅಳು. ನಾನು ಅವಳ ಭುಜ ಹಿಡಿದುಕೊಂಡೆ. ಕೋಟಿನ ಜೇಬಿಗೆ ಕೈ ಹಾಕಿ, ಬೆಳಿಗ್ಗೆ ಮಡಿಸಿಟ್ಟಿದ್ದ ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟೆ. "ಒರೆಸ್ಕೋ ಅತ್ತೆ, ಒಗೆದಿರೋದೇ."

ಅವಳು ಕಣ್ಣಿನವರೆಗೆ ತಂದಳು. ಒರೆಸಿಕೊಳ್ಳಲಿಲ್ಲ. ಬೆರಳುಗಳು ಅದರ ಮೂಲೆಯನ್ನು ಹುಡುಕಿದವು, ಅಲ್ಲಿನ ಹಳೆಯ ಹೊಲಿಗೆಯ ಮೇಲೆ ನಿಂತವು. ಹರಿದದ್ದನ್ನು ನೀಲಿ ದಾರದಲ್ಲಿ ಯಾರೋ ಒತ್ತೊತ್ತಾಗಿ ಹೆಣೆದಿದ್ದರು.

"ಈ ಹೊಲಿಗೆ ನಂದು," ಎಂದಳು.

ಅಳು ನಿಂತುಹೋಗಿತ್ತು. ಕೆಂಪಾದ ಕಣ್ಣುಗಳು ನನ್ನ ಮುಖದ ಮೇಲಿದ್ದವು.

"ಇದನ್ನ ಎಲ್ಲಿಂದ ತಂದೆ, ಕಸಿಲ್ದಾ?"

ಅಪ್ಪನ ಅಂಗಳದ ಹಗ್ಗ, ಹಿಮ, ಒಲೆಯ ಮುಂದೆ ಹರಡಿದ ಅಂಗಿಗಳು. ನಾನು ಹೇಳುವ ಮೊದಲೇ ಅವಳಿಗೆ ಅರ್ಥವಾಗಿತ್ತು.

ಹೊರಗೆ ಕಲ್ಲುಹಾಸಿನ ಮೇಲೆ ಊರುಗೋಲಿನ ಸದ್ದು ಹತ್ತಿರ ಬಂತು. ಯಾರೋ ಬಾಗಿಲು ತಟ್ಟಿದರು.

"ಕಸಿಲ್ದಾ, ಇಲ್ಲಿದೀಯೇನಮ್ಮಾ?" ಅಪ್ಪನ ದನಿ. "ಕಡಲೆ ಬೇಯಿಸಿಟ್ಟಿದೀನಿ, ಆರಿಹೋಗ್ತಾ ಇದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಅತ್ತೆ ಬಾಗಿಲ ಕಡೆ ತಿರುಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಇಟ್ಟು ಒಲೆಯ ಪಕ್ಕ ನಿಂತಳು. ಕರವಸ್ತ್ರ ಹಿಡಿದ ಕೈ ಬೆಂಕಿಯ ಮೇಲೆ ಚಾಚಿಕೊಂಡಿತು, ಉರಿಯ ಬಿಸಿಗೆ ಬಟ್ಟೆಯ ಅಂಚು ಮೆಲ್ಲಗೆ ಅಲುಗಿತು.

"ನಿನ್ನನ್ನ ಸಾಕಿದ ಕೈ ಇದು," ಎಂದಳು ಪಿಸುದನಿಯಲ್ಲಿ. "ಬಿಡು ಅಂದ್ರೆ ಬಿಡ್ತೀನಿ. ಆಮೇಲೆ ಭಾನುವಾರನೂ ಇಲ್ಲ, ಕರವಸ್ತ್ರನೂ ಇಲ್ಲ, ನಾನು ಏನೂ ನೋಡೇ ಇಲ್ಲ. ಬೇಗ ಹೇಳು ಮಗಳೇ."

ಬಾಗಿಲಿನ ಅಗಳಿ ಮೇಲೇಳುತ್ತಿತ್ತು.